ರಾಜ್ಯೋತ್ಸವ ಕ್ವಿಜ್‌ಗೆ ಪ್ರಶ್ನೆ ರೆಡಿ ಮಾಡ್ತಿದ್ದೀನಿ, ಎಲ್ಲೆಲ್ಲಿ ಜಗಳ ಬರುತ್ತೆ ಹೇಳಿ

ಪ್ರಶ್ನೆಪೆಟ್ಟಿಗೆ:
ಬಡಾವಣೆಯ ಕನ್ನಡ ಸಂಘದ ಕ್ವಿಜ್. ಆರು ತಂಡ, ತಂಡಕ್ಕೆ ಮೂವರು. ಊಟ-ತಿಂಡಿ, ಇತಿಹಾಸ, ವಿಜ್ಞಾನ, ಭೂಗೋಳ, ಮನರಂಜನೆ ಅಂತ ಐದು ಸುತ್ತು. ಮುಂದಿನ ಸಾಲಲ್ಲಿ ನಿವೃತ್ತ ಮೇಷ್ಟ್ರುಗಳು, ಹಿಂದಿನ ಸಾಲಲ್ಲಿ ಕೆಎಎಸ್‌ಗೆ ಓದೋ ಹುಡುಗರು. ಉತ್ತರ ಒಂಚೂರು ಆಚೀಚೆ ಆದ್ರೂ ಯಾರೂ ಸುಮ್ಮನೆ ಕೂರಲ್ಲ. ಸದ್ಯಕ್ಕೆ ಇಷ್ಟು ಬರೆದಿಟ್ಟಿದ್ದೀನಿ, ಸೋಸಿ ಕೊಡಿ:

1. ಕನ್ನಡದ ಮೊದಲ ಶಾಸನ? – ಹಲ್ಮಿಡಿ
2. ಕರ್ನಾಟಕದ ಮೊದಲ ಮುಖ್ಯಮಂತ್ರಿ? – ಕೆ.ಸಿ. ರೆಡ್ಡಿ
3. ಭಾರತದ ಅತಿ ಎತ್ತರದ ಜಲಪಾತ? – ಜೋಗ
4. ಜಗತ್ತಿನ ಎರಡನೇ ಅತಿ ದೊಡ್ಡ ಗುಮ್ಮಟ? – ಗೋಳಗುಮ್ಮಟ
5. ನೀರು ಎಷ್ಟು ಡಿಗ್ರಿಗೆ ಕುದಿಯುತ್ತೆ? – 100
6. ಜಗತ್ತಿನ ಅತಿ ದೊಡ್ಡ ಮರುಭೂಮಿ? – ಸಹಾರಾ
7. ಅತಿ ಹೆಚ್ಚು ಉಪಗ್ರಹ ಇರೋ ಗ್ರಹ? – ಗುರು
8. ಮೊದಲ ಕನ್ನಡ ಸಿನಿಮಾ? – ಸತಿ ಸುಲೋಚನ
9. ರಾಜ್‌ಕುಮಾರ್ ಅವರ ಮೊದಲ ಚಿತ್ರ? – ಬೇಡರ ಕಣ್ಣಪ್ಪ
10. ಟೆಸ್ಟ್ ಇನಿಂಗ್ಸಿನ ಹತ್ತೂ ವಿಕೆಟ್ ಪಡೆದ ಎರಡನೇ ಬೌಲರ್? – ಕುಂಬ್ಳೆ
11. ಇಡ್ಲಿ ಹುಟ್ಟಿದ್ದು ಎಲ್ಲಿ? – ಕರ್ನಾಟಕ
12. ಮೈಸೂರು ಪಾಕ್ ಕಂಡುಹಿಡಿದವರು? – ಕಾಕಾಸುರ ಮಾದಪ್ಪ

ಶಾಸನಪ್ರಿಯ:
ಹನ್ನೆರಡರಲ್ಲಿ ಯಾವ ತಕರಾರೂ ಇಲ್ಲದೆ ಪಾಸಾಗೋದು 10ನೇದು ಒಂದೇ. ಉಳಿದವು ಪ್ರಶ್ನೆಗಳಲ್ಲ ಸ್ವಾಮಿ, ಪಟಾಕಿ.

1ರಿಂದಲೇ ಶುರು ಮಾಡೋಣ. ಹಲ್ಮಿಡಿ ಶಾಸನದ ಕಾಲ ಸುಮಾರು ಕ್ರಿ.ಶ. 450. ಶಿವಮೊಗ್ಗ ಜಿಲ್ಲೆ ತಾಳಗುಂದದ ಪ್ರಣವೇಶ್ವರ ದೇವಸ್ಥಾನದ ಹತ್ತಿರ ಸಿಕ್ಕ ಸಿಂಹಕಟಾಂಜನ (ಸಿಂಹ ಕೆತ್ತಿದ ಕಲ್ಲಿನ ಕಟಕಟೆ) ಶಾಸನಕ್ಕೆ ಪುರಾತತ್ವ ಸರ್ವೇಕ್ಷಣ ಇಲಾಖೆ ಹೇಳಿದ ಕಾಲ ಕ್ರಿ.ಶ. 370. ಅದು 2013ರ ಉತ್ಖನನದಲ್ಲಿ ಸಿಕ್ಕಿದ್ದು, ಹಾಗಾಗಿ ಹಳೇ ಪಠ್ಯಪುಸ್ತಕಗಳಲ್ಲಿ ಇಲ್ಲ. ಕೆಎಎಸ್ ಹುಡುಗರು ತಾಳಗುಂದ ಅಂತಾರೆ, ಮೇಷ್ಟ್ರು ಹಲ್ಮಿಡಿ ಅಂತಾರೆ, ಇಬ್ಬರ ಕೈಲೂ ಆಧಾರ ಇರುತ್ತೆ.

ಹೀಗೆ ಕೇಳಿ: "ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಈ ಊರಿನ ಹದಿನಾರು ಸಾಲಿನ ಕನ್ನಡ ಶಾಸನವನ್ನು 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಬೆಳಕಿಗೆ ತಂದರು. ಯಾವ ಊರು?" ಉತ್ತರ ಅದೇ ಹಲ್ಮಿಡಿ. 'ಮೊದಲ' ಅನ್ನೋದು ಹೋಯ್ತು, ಜಗಳವೂ ಹೋಯ್ತು.

ಬಯಲುಸೀಮೆ:
ತಾಳಗುಂದ ಶಾಸನ ಸಂಸ್ಕೃತದ್ದಲ್ವಾ? ಕದಂಬರ ವಂಶಾವಳಿ ಇರೋದು?

ಶಾಸನಪ್ರಿಯ:
ಅದು ಬೇರೆ. ಕುಬ್ಜ ಅನ್ನೋ ಕವಿ ಬರೆದದ್ದು, ಮಯೂರಶರ್ಮ ಕಂಚಿಗೆ ಓದಕ್ಕೆ ಹೋದ ಕಥೆ ಇರೋದು, ಅದು ಸ್ತಂಭಶಾಸನ. ಸಂಸ್ಕೃತ ಪದ್ಯ. ಸಿಂಹದ ಕೆತ್ತನೆ ಇರೋ ಕಟಾಂಜನದ ಮೇಲಿನದ್ದು ಇನ್ನೊಂದು. ಎರಡೂ ಒಂದೇ ಊರಿನವು, ಎರಡೂ ಕದಂಬರವು. ಈ ಗೊಂದಲ ವೇದಿಕೆ ಮೇಲೂ ಆಗುತ್ತೆ, ಅದಕ್ಕೇ 'ತಾಳಗುಂದ' ಉತ್ತರವಾಗಿ ಬರೋ ಪ್ರಶ್ನೆ ಇಟ್ಟರೆ ಯಾವ ಶಾಸನ ಅಂತ ಪ್ರಶ್ನೆಯಲ್ಲೇ ಹೇಳಿಬಿಡಿ.

ವಿಧಾನಸೌಧ ಮೆಟ್ಟಿಲು:
2ನೇ ಪ್ರಶ್ನೆಗೆ ಮೂರು ಉತ್ತರ ಇವೆ, ಮೂರೂ ಸರಿ.

1947ರ ಅಕ್ಟೋಬರ್‌ನಲ್ಲಿ ಮೈಸೂರು ರಾಜ್ಯಕ್ಕೆ ಮೊದಲ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ. 1956ರ ನವೆಂಬರ್ 1ಕ್ಕೆ ಏಕೀಕರಣ ಆದಾಗ ಪ್ರಮಾಣವಚನ ತಗೊಂಡವರು ಎಸ್. ನಿಜಲಿಂಗಪ್ಪ. ಅದರ ಹಿಂದಿನ ದಿನದವರೆಗೂ ಕುರ್ಚಿಯಲ್ಲಿದ್ದವರು ಕಡಿದಾಳ್ ಮಂಜಪ್ಪ. ಆದ್ರೆ ಆಗಲೂ ರಾಜ್ಯದ ಹೆಸರು ಮೈಸೂರೇ. 'ಕರ್ನಾಟಕ' ಅಂತ ಹೆಸರು ಬಂದದ್ದು 1973ರ ನವೆಂಬರ್ 1, ಆಗ ಇದ್ದವರು ದೇವರಾಜ ಅರಸು. ಅಕ್ಷರಶಃ 'ಕರ್ನಾಟಕ'ದ ಮೊದಲ ಮುಖ್ಯಮಂತ್ರಿ ಅಂದ್ರೆ ಅರಸು ಅಂತ ಯಾರಾದ್ರೂ ವಾದ ಮಾಡಿದ್ರೆ ನೀವು ಏನು ಹೇಳ್ತೀರಾ?

"ಏಕೀಕರಣದ ದಿನ ಅಧಿಕಾರ ವಹಿಸಿಕೊಂಡ ಮುಖ್ಯಮಂತ್ರಿ" ಅಂತ ಕೇಳಿ. ಇಲ್ಲಾಂದ್ರೆ ಮೂರನ್ನೂ ಸೇರಿಸಿ ಒಂದು ಕನೆಕ್ಟ್ ಪ್ರಶ್ನೆ ಮಾಡಿ: 1947 ರೆಡ್ಡಿ, 1956 ನಿಜಲಿಂಗಪ್ಪ, 1973 ಯಾರು? ಹಾಗೆ ಕೇಳಿದ್ರೆ ಪ್ರಶ್ನೆಗೆ ತೂಕವೂ ಬರುತ್ತೆ.

ಗುಮ್ಮಟದೂರಾಂವ:
ನಾಕನೇ ಪ್ರಶ್ನಿ ಬಗ್ಗೆ ನಾ ಹೇಳ್ತೀನ್ರಿ. ನಮ್ಮೂರ ಗುಮ್ಮಟದ ಮ್ಯಾಲ ಅಭಿಮಾನ ಬ್ಯಾರೆ, ಲೆಕ್ಕ ಬ್ಯಾರೆ. ಗೋಳಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್, ಹೊರಗಿಂದ ಅಳದ್ರ 44. ರೋಮಿನ ಪ್ಯಾಂಥಿಯನ್ ಒಳವ್ಯಾಸ 43.3 ಮೀಟರ್, ಸೇಂಟ್ ಪೀಟರ್ಸ್ ಸುಮಾರು 41.5, ಫ್ಲಾರೆನ್ಸಿನದು ಇನ್ನೂ ದೊಡ್ಡದು. ಅಂದ್ರ ಕಟ್ಟಿದ ಕಾಲಕ್ಕೂ ಅದು ಎರಡನೇದು ಆಗಿರಲಿಲ್ಲ. ಈಗಂತೂ ಸಿಂಗಪುರದ ಕ್ರೀಡಾಂಗಣದ ಗುಮ್ಮಟನ 310 ಮೀಟರ್ ಐತಿ. 'ಜಗತ್ತಿನ ಎರಡನೇ' ಅನ್ನೋದು ಗೈಡ್‌ಗಳ ಬಾಯಾಗ ಉಳಕೊಂಡ ಮಾತು. ಒಬ್ಬರು ಒಳವ್ಯಾಸ ಹಿಡಿದು, ಇನ್ನೊಬ್ಬರು ಹೊರವ್ಯಾಸ ಹಿಡಿದು ಹೋಲಿಸಿದ್ರ ಹಿಂಗ ಆಗ್ತದ.

ಚೊಲೋ ಪ್ರಶ್ನಿ ಬೇಕಂದ್ರ ಕಟ್ಟಿದ ರೀತಿ ಕೇಳ್ರಿ. ನಡುವ ಒಂದೂ ಕಂಬ ಇಲ್ಲ. ಚೌಕ ಕೋಣಿ ಮ್ಯಾಲ ದುಂಡು ಗುಮ್ಮಟ ಕೂರಬೇಕಂದ್ರ ಎಂಟು ಕಮಾನು ಒಂದನ್ನೊಂದು ಕತ್ತರಿಸಿಕೊಂಡು ಹೋಗ್ಯಾವ, ಅವು ಚೌಕಾನ ಒಳಗ ಒಳಗ ಸಣ್ಣ ಮಾಡ್ತಾ ಹೋಗ್ತಾವ. "ಯಾವ ಸುಲ್ತಾನನ ಗೋರಿ?" ಮೊಹಮ್ಮದ್ ಆದಿಲ್ ಶಾ, ತೀರಿಕೊಂಡಿದ್ದು 1656. ಇದಕ್ಕ ಯಾರೂ ತಕರಾರು ತಗಿಯಂಗಿಲ್ಲ. ಮತ್ತ ಪ್ರತಿಧ್ವನಿ ಎಷ್ಟು ಸಲ ಅಂತ ಮಾತ್ರ ಕೇಳಬ್ಯಾಡ್ರಿ. ಏಳು ಅಂತಾರ, ಹತ್ತು ಅಂತಾರ, ಮ್ಯಾಲ ಮಂದಿ ಚೀರಾಡುವಾಗ ಎಣಿಸಿದವರು ಯಾರು?

ಬಯಲುಸೀಮೆ:
ಕೊನೇ ಸಾಲು 👏

ಶರಾವತಿ ಎಡದಂಡೆ:
3. ಜೋಗದ ರಾಜಾ ಧಾರೆ 253 ಮೀಟರ್, 830 ಅಡಿ. ಮೇಘಾಲಯದ ನೋಹಕಾಲಿಕಾಯ್ 340 ಮೀಟರ್, ಅದೂ ಒಂದೇ ನೆಗೆತಕ್ಕೆ ಬೀಳೋದು. ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ವಾರಾಹಿ ನದಿಯ ಕುಂಚಿಕಲ್ 455 ಮೀಟರ್ ಅಂತ ಪಟ್ಟಿಗಳಲ್ಲಿ ಮೇಲೆ ಇರುತ್ತೆ, ಆದ್ರೆ ಅದು ಬಂಡೆ ಮೇಲೆ ಹಂತಹಂತವಾಗಿ ಜಾರೋದು, ಜೊತೆಗೆ ವಾರಾಹಿ ಯೋಜನೆಯ ಮಾಣಿ ಅಣೆಕಟ್ಟು ಆದ ಮೇಲೆ ಮಳೆಗಾಲ ಬಿಟ್ಟು ನೀರೇ ಕಾಣಲ್ಲ. ಜಲಪಾತ ಅಂದ್ರೆ ನೇರ ಬೀಳೋದಾ, ಒಟ್ಟು ಇಳಿಯೋ ಎತ್ತರವಾ ಅಂತ ಹೇಳದೆ 'ಅತಿ ಎತ್ತರ' ಕೇಳೋ ಹಾಗೇ ಇಲ್ಲ.

ಜೋಗದ ನಾಲ್ಕು ಧಾರೆ ಹೆಸರು ಕೇಳಿ: ರಾಜಾ, ರಾಣಿ, ರೋರರ್, ರಾಕೆಟ್. ಎಲ್ಲರೂ ಮೂರು ಹೇಳಿ ನಾಲ್ಕನೇದಕ್ಕೆ ತಡವರಿಸ್ತಾರೆ.

ಕುಡ್ಲದ ಮಳೆ:
ಮಾರಾಯ್ರೆ, ಮಳೆ ಪ್ರಶ್ನೆಯೂ ಇಡುವವರಿದ್ದರೆ ಆಗುಂಬೆಯ ಬಗ್ಗೆ ಜಾಗ್ರತೆ. 'ದಕ್ಷಿಣದ ಚಿರಾಪುಂಜಿ' ಅಂತ ಹೆಸರು ಉಂಟು, ಹಾಗೆ ಕೇಳಿದ್ರೆ ಸರಿ. 'ಕರ್ನಾಟಕದಲ್ಲಿ ಅತಿ ಹೆಚ್ಚು ಮಳೆ' ಅಂತ ಕೇಳಿದ್ರೆ ಹುಲಿಕಲ್, ಖಾನಾಪುರ ತಾಲೂಕಿನ ಅಮಗಾಂವ್ ಎರಡೂ ಕಡೆ ಆಗುಂಬೆಗಿಂತ ಜಾಸ್ತಿ ಬಿದ್ದ ವರ್ಷಗಳು ಉಂಟು. ಜಗತ್ತಿನ ಲೆಕ್ಕದಲ್ಲಿಯೂ ಅಷ್ಟೇ. ವರ್ಷದ ಸರಾಸರಿಯಲ್ಲಿ ಮೇಘಾಲಯದ ಮಾಸಿನ್ರಾಮ್ ಮುಂದೆ, ಹನ್ನೆರಡು ತಿಂಗಳ ದಾಖಲೆ ಮಾತ್ರ ಚಿರಾಪುಂಜಿಯದ್ದು: 1860 ಆಗಸ್ಟಿನಿಂದ 1861 ಜುಲೈವರೆಗೆ 26,471 ಮಿ.ಮೀ. 'ಸರಾಸರಿ' ಅಂತ ಒಂದು ಪದ ಹಾಕಿದ್ರೆ ಉತ್ತರವೇ ಬದಲಾಗ್ತದೆ.

ಲ್ಯಾಬ್ ಮೇಷ್ಟ್ರು:
ವಿಜ್ಞಾನ ನನಗೆ ಬಿಡಿ.

5. ನೀರು 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯೋದು ಸಮುದ್ರಮಟ್ಟದ ಒತ್ತಡದಲ್ಲಿ. ಸುಮಾರು 300 ಮೀಟರ್ ಮೇಲೆ ಹೋದ ಹಾಗೆ ಒಂದು ಡಿಗ್ರಿ ಕಮ್ಮಿಯಾಗುತ್ತೆ ಅಂತ ಇಟ್ಟುಕೊಳ್ಳಿ. ಬೆಂಗಳೂರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ ಕುದಿಯೋದು ಹತ್ತಿರ ಹತ್ತಿರ 97ಕ್ಕೆ. ಮಡಿಕೇರೀಲಿ 96. ಲೇಹ್‌ನಲ್ಲಿ 88ರ ಆಸುಪಾಸು. ಕ್ವಿಜ್ ಬೆಂಗಳೂರಲ್ಲಿ ನಡೆಸಿ 100 ಅಂತ ಉತ್ತರ ಇಟ್ಟರೆ ಹೇಗೆ ಸ್ವಾಮಿ? ಅದನ್ನೇ ತಿರುಗಿಸಿ: "ಮಂಗಳೂರು, ಬೆಂಗಳೂರು, ಮಡಿಕೇರಿ, ಲೇಹ್ ಇವುಗಳಲ್ಲಿ ನೀರು ಅತಿ ಕಮ್ಮಿ ಉಷ್ಣಾಂಶಕ್ಕೆ ಕುದಿಯೋದು ಎಲ್ಲಿ?" ಅರ್ಥ ಆದವರಷ್ಟೇ ಹೇಳ್ತಾರೆ, ಬಾಯಿಪಾಠ ನಡೆಯಲ್ಲ.

6. ಮರುಭೂಮಿ ಅಂದ್ರೆ ಮರಳಲ್ಲ, ಮಳೆ-ಹಿಮ ತೀರಾ ಕಮ್ಮಿ ಬೀಳೋ ಜಾಗ. ಆ ಲೆಕ್ಕಕ್ಕೆ ಅಂಟಾರ್ಕ್ಟಿಕಾ ದೊಡ್ಡದು, ಸುಮಾರು 1.4 ಕೋಟಿ ಚದರ ಕಿ.ಮೀ. ಸಹಾರಾ 92 ಲಕ್ಷ. 'ಬಿಸಿ ಮರುಭೂಮಿ' ಅಂತ ಬರೆದುಬಿಡಿ.

7. ಇದು ಗುರು ಅಲ್ಲವೇ ಅಲ್ಲ. 2023ರ ಶುರುವಿನಲ್ಲಿ ಕೆಲವು ತಿಂಗಳು ಗುರು ಮುಂದಿತ್ತು, ಆ ಸಮಯದಲ್ಲಿ ಅಚ್ಚಾದ ಗೈಡುಗಳಲ್ಲಿ ಹಾಗೇ ಉಳಿದಿದೆ. ಅದೇ ವರ್ಷ ಶನಿ ಮತ್ತೆ ಮುಂದೆ ಬಂತು. 2025ರ ಮಾರ್ಚ್‌ನಲ್ಲಿ ಒಂದೇ ಏಟಿಗೆ 128 ಹೊಸ ಉಪಗ್ರಹಗಳಿಗೆ ಮಾನ್ಯತೆ ಸಿಕ್ಕಿ ಶನಿಯದ್ದು 274 ಆಯ್ತು. ಗ್ರಹದ ಹೆಸರು ಕೇಳಿ, ಸಂಖ್ಯೆ ಕೇಳಬೇಡಿ. ಸಂಖ್ಯೆ ಬೇಕೇ ಬೇಕಂದ್ರೆ ಪ್ರಶ್ನೆಯಲ್ಲಿ ತಿಂಗಳು, ವರ್ಷ ಹಾಕಿ.

ಇನ್ನೊಂದು: ರಾಷ್ಟ್ರೀಯ ವಿಜ್ಞಾನ ದಿನ ಫೆಬ್ರವರಿ 28 ರಾಮನ್ ಅವರ ಹುಟ್ಟುಹಬ್ಬ ಅಂತ ಎಷ್ಟೋ ಪ್ರಶ್ನಾವಳಿಗಳಲ್ಲಿದೆ. ತಪ್ಪು. ಅದು 1928ರಲ್ಲಿ ರಾಮನ್ ಪರಿಣಾಮ ಪತ್ತೆಯಾದ ದಿನ. ಅವರು ಹುಟ್ಟಿದ್ದು 1888 ನವೆಂಬರ್ 7.

ಒಗ್ಗರಣೆ ಸದ್ದು:
ಮೇಷ್ಟ್ರೇ, ಹಾಗಾದ್ರೆ ಬೇಳೆ ಬೇಗ ಬೇಯಲಿ ಅಂತ ಉಪ್ಪು ಹಾಕಿ ಕುದಿಯೋ ಬಿಂದು ಏರಿಸ್ತೀವಿ ಅಂತಾರಲ್ಲ, ಅದು?

ಲ್ಯಾಬ್ ಮೇಷ್ಟ್ರು:
ಒಂದು ಲೀಟರ್ ನೀರಿಗೆ 58 ಗ್ರಾಂ ಉಪ್ಪು ಸುರಿದರೆ ಒಂದು ಡಿಗ್ರಿ ಏರುತ್ತೆ. ಆ ಸಾರನ್ನ ಯಾರು ತಿಂತಾರೆ? ಅಡುಗೆಗೆ ಹಾಕೋ ಚಿಟಿಕೆ ಉಪ್ಪಿಂದ ಏನೂ ಆಗಲ್ಲ. ಬೇಳೆ ಬೇಯದೇ ಇರೋದಕ್ಕೆ ಹೆಚ್ಚಿನ ಸಲ ಬೋರ್‌ವೆಲ್ಲಿನ ಗಡಸು ನೀರು ಕಾರಣ. ಕ್ಯಾಲ್ಸಿಯಂ ಹೋಗಿ ಬೇಳೆಯ ಪೆಕ್ಟಿನ್‌ನ ಗಟ್ಟಿ ಹಿಡಿಯುತ್ತೆ. ಕುಕ್ಕರ್‌ನಲ್ಲಿ ಬೇಯೋದು ಒತ್ತಡದಿಂದ ಒಳಗೆ 120 ಡಿಗ್ರಿ ಹತ್ತಿರ ಹೋಗೋದರಿಂದ, ಉಪ್ಪಿಂದಲ್ಲ.

ಟೂರಿಂಗ್ ಟಾಕೀಸ್:
ಸಿನಿಮಾಕ್ಕೆ ಬರೋಣ. 8ನೇದರಲ್ಲಿ 'ಬಿಡುಗಡೆಯಾದ ಮೊದಲ ಕನ್ನಡ ವಾಕ್ಚಿತ್ರ' ಅಂತ ತಿದ್ದಿ. ಎರಡೂ ಪದ ಬೇಕು. ವಾಕ್ಚಿತ್ರ ಅಂತ ಯಾಕಂದ್ರೆ ಅದಕ್ಕೂ ಮುಂಚೆ ಮೂಕಿ ಚಿತ್ರಗಳಿದ್ದವು. ಬಿಡುಗಡೆ ಅಂತ ಯಾಕಂದ್ರೆ 'ಭಕ್ತ ಧ್ರುವ'ದ ಚಿತ್ರೀಕರಣ ಮೊದಲು ಶುರುವಾಗಿತ್ತು ಅಂತ ವಾದ ಬರುತ್ತೆ, ಆದ್ರೆ ತೆರೆ ಕಂಡದ್ದು ಆಮೇಲೆ. 'ಸತಿ ಸುಲೋಚನ' 1934 ಮಾರ್ಚ್ 3. ನಿರ್ದೇಶನ ವೈ.ವಿ. ರಾವ್, ಇಂದ್ರಜಿತು ಸುಬ್ಬಯ್ಯ ನಾಯ್ಡು, ರಾವಣ ಆರ್. ನಾಗೇಂದ್ರರಾಯರು, ಸುಲೋಚನೆ ತ್ರಿಪುರಾಂಬ. ಒಳ್ಳೇ ಪ್ರಶ್ನೆ ಬೇಕಾದ್ರೆ "ಮೊದಲ ಕನ್ನಡ ವಾಕ್ಚಿತ್ರದ ಚಿತ್ರೀಕರಣ ಯಾವ ಊರಲ್ಲಿ?" ಅಂತ ಕೇಳಿ. ಕೊಲ್ಹಾಪುರ. ಮದ್ರಾಸ್ ಅಂತ ಹೇಳೋರೇ ಜಾಸ್ತಿ.

9. 'ನಾಯಕನಾಗಿ' ಅನ್ನೋದು ಸೇರಿಸದೇ ಇದ್ರೆ ಸಿಕ್ಕಿಹಾಕ್ಕೋತೀರಾ. 1954ರ 'ಬೇಡರ ಕಣ್ಣಪ್ಪ'ಕ್ಕೆ ಮುಂಚೆಯೇ ಅವರು ಮುತ್ತುರಾಜ್ ಆಗಿ ಸಣ್ಣ ಪಾತ್ರ ಮಾಡಿದ್ರು. ಬಾಲನಟನಾಗಿ 40ರ ದಶಕದಲ್ಲೇ ಇದ್ರು.

ಬೋನಸ್ ಕೊಡ್ತೀನಿ. 'ಮೊದಲ ಕರ್ನಾಟಕ ರತ್ನ ಯಾರು' ಅಂದ್ರೆ ಒಂದೇ ಹೆಸರು ನಿರೀಕ್ಷಿಸಬೇಡಿ, 1992ರಲ್ಲಿ ಕುವೆಂಪು ಮತ್ತು ರಾಜ್‌ಕುಮಾರ್ ಇಬ್ಬರಿಗೂ ಒಟ್ಟಿಗೆ ಕೊಟ್ಟರು. ಜ್ಞಾನಪೀಠದ ಕಥೆಯೂ ಅದೇ: 1967ರದ್ದು ಕುವೆಂಪು ಒಬ್ಬರಿಗೇ ಬಂದದ್ದಲ್ಲ, ಗುಜರಾತಿಯ ಉಮಾಶಂಕರ ಜೋಶಿ ಜೊತೆ ಹಂಚಿಕೊಂಡದ್ದು. ಪೂರ್ತಿ ವರ್ಣಚಿತ್ರ ಅಂದ್ರೆ 1964ರ 'ಅಮರಶಿಲ್ಪಿ ಜಕಣಾಚಾರಿ'. ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಸ್ವರ್ಣಕಮಲ ಪಡೆದ ಮೊದಲ ಕನ್ನಡ ಚಿತ್ರ 'ಸಂಸ್ಕಾರ'. ಇವೆರಡೂ ಗಟ್ಟಿ.

ಸಿಲ್ಲಿ ಪಾಯಿಂಟ್:
10ನೇದು ಪಾಸ್ ಅಂದ್ರಿ, ಪಾಸೇ. ಆದ್ರೆ ಇನ್ನೂ ಚೆನ್ನಾಗಿ ಮಾಡಬಹುದು. ಹಳೇ ಪುಸ್ತಕಗಳಲ್ಲಿ 'ಈ ಸಾಧನೆ ಮಾಡಿದ್ದು ಇಬ್ಬರೇ' ಅಂತಿರುತ್ತೆ, ಅದನ್ನ ಓದಿ ಬರೆಯಬೇಡಿ. 1956ರಲ್ಲಿ ಇಂಗ್ಲೆಂಡಿನ ಜಿಮ್ ಲೇಕರ್ 53ಕ್ಕೆ 10, 1999 ಫೆಬ್ರವರಿ 7ರಂದು ದಿಲ್ಲಿಯಲ್ಲಿ ಕುಂಬ್ಳೆ 74ಕ್ಕೆ 10, 2021ರಲ್ಲಿ ಮುಂಬೈಯಲ್ಲೇ ಹುಟ್ಟಿದ ನ್ಯೂಜಿಲೆಂಡಿನ ಅಜಾಜ್ ಪಟೇಲ್ ಮುಂಬೈಯಲ್ಲೇ 119ಕ್ಕೆ 10. ಪ್ರಶ್ನೆ: "ಕುಂಬ್ಳೆಗೆ ಒಂಬತ್ತು ವಿಕೆಟ್ ಬಿದ್ದ ಮೇಲೆ ಇನ್ನೊಂದು ತುದಿಯಿಂದ ಬೇಕಂತಲೇ ವಿಕೆಟ್‌ನಿಂದ ದೂರ ಎಸೆದ ಕನ್ನಡಿಗ ಬೌಲರ್ ಯಾರು?" ಶ್ರೀನಾಥ್. ಹಾಲ್ ಪೂರ್ತಿ ಚಪ್ಪಾಳೆ ಗ್ಯಾರಂಟಿ.

ಪ್ರಶ್ನೆಪೆಟ್ಟಿಗೆ:
ಇವೆಲ್ಲ ತಗೊಂಡೆ. 11, 12ಕ್ಕೆ ಯಾರೂ ಕೈ ಹಾಕಿಲ್ಲ?

ಒಗ್ಗರಣೆ ಸದ್ದು:
ಹಾಕ್ತೀನಿ. 11 ಪೂರ್ತಿ ಕಿತ್ತುಹಾಕಿ. 'ಹುಟ್ಟಿದ್ದು' ಅಂತ ಯಾರಿಗೂ ಹೇಳಕ್ಕಾಗಲ್ಲ. ಹೇಳಬಹುದಾದ್ದು ಇಷ್ಟು: ಸುಮಾರು 920ರ ಹಳಗನ್ನಡ ಕೃತಿ ವಡ್ಡಾರಾಧನೆಯಲ್ಲಿ 'ಇಡ್ಡಲಿಗೆ' ಅಂತ ಹೆಸರು ಬರುತ್ತೆ. ಸುಮಾರು 1025ರ ಲೋಕೋಪಕಾರ ಅನ್ನೋ ಗ್ರಂಥದಲ್ಲಿ ಮಾಡೋ ವಿಧಾನವೇ ಇದೆ: ಉದ್ದಿನಬೇಳೆನ ಮಜ್ಜಿಗೇಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿ ಸೇರಿಸಿ, ಮೆಣಸು, ಜೀರಿಗೆ, ಕೊತ್ತಂಬರಿ, ಇಂಗು ಹಾಕೋದು. ಗಮನಿಸಿ, ಅಕ್ಕಿ ಇಲ್ಲ. ರಾತ್ರಿಯಿಡೀ ಹುದುಗಿಸೋ ಮಾತಿಲ್ಲ. ಹನ್ನೆರಡನೇ ಶತಮಾನದ ಮಾನಸೋಲ್ಲಾಸದ 'ಇಡ್ಡರಿಕಾ' ಕೂಡ ಉದ್ದಿನದ್ದೇ. ಅಕ್ಕಿ, ಹುದುಗು, ಹಬೆ ಮೂರೂ ಸೇರಿದ ಇವತ್ತಿನ ಇಡ್ಲಿ ಆಮೇಲಿನದು, ಆ ವಿಧಾನ ಇಂಡೋನೇಷ್ಯಾದಿಂದ ಬಂದಿರಬಹುದು ಅನ್ನೋ ವಾದವನ್ನ ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ್ಯ ಮುಂದಿಟ್ಟಿದ್ದಾರೆ. ಒಪ್ಪದವರೂ ಇದ್ದಾರೆ.

ಪ್ರಶ್ನೆ: "ಹನ್ನೊಂದನೇ ಶತಮಾನದ ಲೋಕೋಪಕಾರದ ಇಡ್ಡಲಿಗೆಯಲ್ಲಿ, ಇವತ್ತಿನ ಇಡ್ಲಿಗೆ ಬೇಕೇ ಬೇಕಾದ ಯಾವ ಧಾನ್ಯ ಇರಲಿಲ್ಲ?" ಅಕ್ಕಿ.

ಬಯಲುಸೀಮೆ:
ಕೈಯಲ್ಲಿ ಕಲಸಿದ್ರೇ ಹಿಟ್ಟು ಉಬ್ಬೋದು, ಕೈಯಿಂದ ಯೀಸ್ಟ್ ಹೋಗುತ್ತೆ ಅಂತಾರಲ್ಲ, ಇದನ್ನ ವಿಜ್ಞಾನ ಸುತ್ತಿಗೆ ಹಾಕಬಹುದಾ?

ಲ್ಯಾಬ್ ಮೇಷ್ಟ್ರು:
ಬೇಡ. ಇಡ್ಲಿ ಹಿಟ್ಟನ್ನ ಮುಖ್ಯವಾಗಿ ಉಬ್ಬಿಸೋದು ಲ್ಯೂಕೊನೊಸ್ಟಾಕ್ ಅನ್ನೋ ಬ್ಯಾಕ್ಟೀರಿಯಾ, ಯೀಸ್ಟ್ ಅಲ್ಲ. ಅದು ಉದ್ದಿನಬೇಳೆ ಮೇಲೇ ಇರುತ್ತೆ. ಸೌಟಲ್ಲಿ ಕಲಸಿದ್ರೂ ಉಬ್ಬುತ್ತೆ. ಕೈಯಲ್ಲಿ ಕಲಸಿದ್ರೆ ಆಗೋ ಲಾಭ ಒಂದಿಷ್ಟು ಬಿಸಿ, ಒಂದಿಷ್ಟು ಗಾಳಿ, ಚೆನ್ನಾಗಿ ಬೆರೆಯೋದು. ಹಿಟ್ಟು 28–30 ಡಿಗ್ರಿಯಲ್ಲಿದ್ರೆ ಎಂಟರಿಂದ ಹತ್ತು ಗಂಟೆ, ಡಿಸೆಂಬರಿನ ಬೆಂಗಳೂರಲ್ಲಿ ಹದಿನಾಲ್ಕಾದ್ರೂ ಬೇಕು. ಉಬ್ಬದೇ ಇದ್ರೆ ಚಳಿ ಅಥವಾ ಹಳೇ ಬೇಳೆ ಕಾರಣ, ಕೈಯಲ್ಲ.

ಕಡಾಯಿ ಕಟ್ಟೆ:
12. ಮೈಸೂರು ಪಾಕ್‌ಗೆ 'ಕಂಡುಹಿಡಿದವರು' ಅನ್ನೋದರ ಬದಲು "ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯಲ್ಲಿ ಇದನ್ನ ಮೊದಲು ಮಾಡಿದರು ಎಂದು ಹೇಳಲಾಗುವ ಬಾಣಸಿಗ" ಅಂತ ಹಾಕಿ. ಐತಿಹ್ಯಕ್ಕೆ 'ಎಂದು ಹೇಳಲಾಗುವ' ಅನ್ನೋದು ಇರಲೇಬೇಕು, ಬಾಬಾ ಬುಡನ್ ತಂದ ಏಳು ಕಾಫಿ ಬೀಜಕ್ಕೂ ಇದೇ ನಿಯಮ.

ನನ್ನ ಕೇಳಿದ್ರೆ ಹೆಸರು ಬಿಟ್ಟು "ಮೈಸೂರು ಪಾಕ್‌ನಲ್ಲಿ ತೂತು ಯಾಕೆ ಬೀಳುತ್ತೆ?" ಅಂತ ಕೇಳಿ. ಒಂದು ಅಳತೆ ಕಡಲೆಹಿಟ್ಟು, ಎರಡು ಸಕ್ಕರೆ, ಎರಡು ತುಪ್ಪ. ಪಾಕ ಒಂದೆಳೆ ಬಂದ ಕೂಡಲೇ ಹಿಟ್ಟು ಉದುರಿಸಿ ಗಂಟಿಲ್ಲದೆ ತಿರುವಬೇಕು. ಪಕ್ಕದ ಒಲೆಯಲ್ಲಿ ತುಪ್ಪ ಹೊಗೆಯಾಡೋ ಮಟ್ಟಕ್ಕೆ ಕಾದಿರಬೇಕು. ಸೌಟು ಸೌಟಾಗಿ ಹಾಕಿದಾಗ ಹಿಟ್ಟಿನೊಳಗಿನ ನೀರು ಚಕ್ಕನೆ ಆವಿಯಾಗಿ ಜುಂಯ್ ಅಂತ ನೊರೆ ಏಳುತ್ತೆ. ಆ ಆವಿ ಹೊರಗೆ ಬಂದ ದಾರಿಯೇ ತೂತು. ತಣ್ಣಗಿನ ತುಪ್ಪ ಹಾಕಿದ್ರೆ ನೊರೆಯೂ ಇಲ್ಲ, ತೂತೂ ಇಲ್ಲ.

ಬಯಲುಸೀಮೆ:
ನಡುವಿನ ಪದರ ಕಂದು ಬಣ್ಣ ಇರುತ್ತಲ್ಲ, ಅದು ಸೀದು ಹೋದದ್ದಾ?

ಕಡಾಯಿ ಕಟ್ಟೆ:
ಅಲ್ಲ, ಅದು ಬರಬೇಕು. ಎತ್ತರದ ಅಂಚಿರೋ ತಟ್ಟೆಗೆ ದಪ್ಪಗೆ ಸುರಿದಾಗ ಮೇಲ್ಭಾಗ, ತಳಭಾಗ ಬೇಗ ಆರುತ್ತೆ, ನಡುವಿನ ಬಿಸಿ ಹೊರಗೆ ಹೋಗೋ ದಾರಿ ಇಲ್ಲ. ಅಲ್ಲಿ ಹಿಟ್ಟು ತಟ್ಟೆಯಲ್ಲೇ ಇನ್ನೂ ಹುರಿಯುತ್ತಿರುತ್ತೆ. ತೆಳ್ಳಗೆ ಹರಡಿದ್ರೆ ಆ ಪದರ ಬರಲ್ಲ. ಇಳಿಸೋದು ಒಂದು ನಿಮಿಷ ತಡವಾದ್ರೆ ಮಾತ್ರ ಪುಡಿಪುಡಿ, ಬೇಗ ಇಳಿಸಿದ್ರೆ ಕಟ್ಟಲ್ಲ, ಹಲ್ವ ಆಗುತ್ತೆ. ಬಿಸಿ ಇರುವಾಗಲೇ ಗೆರೆ ಹಾಕಬೇಕು.

ಶಾಸನಪ್ರಿಯ:
ಅಂಗಡಿಗಳಲ್ಲಿ ಈಗ ಸಿಗೋ ಬಾಯಲ್ಲಿ ಕರಗೋದಕ್ಕೆ ತೂತೇ ಇರಲ್ಲ. ಅದನ್ನ ತಿಂದು ಬೆಳೆದ ಮಕ್ಕಳಿಗೆ ಈ ಪ್ರಶ್ನೆ ಅರ್ಥ ಆಗಲ್ಲ ಬಿಡಿ.

ಕಡಾಯಿ ಕಟ್ಟೆ:
ಅದು ತುಪ್ಪದಲ್ಲಿ ಹಿಟ್ಟು ಕಲಸಿ ಪಾಕಕ್ಕೆ ಹಾಕೋ ವಿಧಾನ. ಅದೂ ಚೆನ್ನಾಗೇ ಇರುತ್ತೆ, ಆದ್ರೆ ನನ್ನ ಮಟ್ಟಿಗೆ ಅದು ಕಡಲೆಹಿಟ್ಟಿನ ಬರ್ಫಿ. ಹೇಳಿದ್ರೆ ಹೊಡೆಯಕ್ಕೆ ಬರ್ತಾರೆ.

ವಿಧಾನಸೌಧ ಮೆಟ್ಟಿಲು:
ಜಿಲ್ಲೆಗಳ ಪ್ರಶ್ನೆ ಇಡೋ ಯೋಚನೆ ಇದ್ರೆ: 31. ಬಳ್ಳಾರಿಯಿಂದ ವಿಜಯನಗರ ಬೇರೆಯಾದದ್ದು 2021ರಲ್ಲಿ, ಅದಕ್ಕೂ ಹಳೇ ಪುಸ್ತಕದಲ್ಲಿ 30 ಇರುತ್ತೆ. ರಾಮನಗರ 2025ರಲ್ಲಿ ಬೆಂಗಳೂರು ದಕ್ಷಿಣ ಆಯ್ತು, ಸಂಖ್ಯೆ ಬದಲಾಗಲಿಲ್ಲ, ಹೆಸರು ಬದಲಾಯ್ತು. ಭಾರತದ ಕರಾವಳಿ ಉದ್ದವೂ ಹಾಗೇ, 7,516 ಕಿ.ಮೀ. ಅಂತ ಎಲ್ಲರಿಗೂ ಬಾಯಿಪಾಠ, ಹೊಸದಾಗಿ ಅಳೆದ ಮೇಲೆ 11,098 ಅಂತ ಕೇಂದ್ರ ಹೇಳ್ತಿದೆ. ಕರಾವಳಿ ಬೆಳೆದಿಲ್ಲ, ಅಳೆಯೋ ಕೋಲು ಚಿಕ್ಕದಾಯ್ತು, ಕೊಲ್ಲಿ, ಅಳಿವೆಗಳ ಅಂಕುಡೊಂಕೆಲ್ಲ ಲೆಕ್ಕಕ್ಕೆ ಬಂತು.

ಬಜರ್ ಒತ್ತಿ:
ಪ್ರಶ್ನೆ ಸರಿಯಾಯ್ತು, ನಡೆಸೋ ವಿಷಯ ಯಾರೂ ಹೇಳಲಿಲ್ಲ. ಆರು ತಂಡ, ಐದು ಸುತ್ತು, ತಂಡಕ್ಕೊಂದು ಅಂದ್ರೆ 30 ಪ್ರಶ್ನೆ. ಸುತ್ತಿಗೆ ಒಂದರಂತೆ ಇನ್ನೈದು ಕೈಯಲ್ಲಿಟ್ಟುಕೊಳ್ಳಿ, ಯಾವುದಾದ್ರೂ ಪ್ರಶ್ನೆ ರದ್ದಾದ್ರೆ ಬೇಕು. ಪ್ರಶ್ನೆ ಎರಡು ಸಲ ಓದಿ, ಆಮೇಲೆ 20 ಸೆಕೆಂಡ್. ಬಜರ್ ಸುತ್ತು ಬೇಡ, ಅಗ್ಗದ ಬಜರ್‌ಗಳಲ್ಲಿ ಎರಡು ಒಟ್ಟಿಗೆ ಹೊತ್ತಿಕೊಂಡು ಅಲ್ಲೇ ಗಲಾಟೆ ಆಗುತ್ತೆ. ಚೀಟಿಯಲ್ಲಿ ಬರೆದು ಕೊಡೋ ಸುತ್ತು ಒಂದು ಇಡಿ: "ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇರೋ ಕರ್ನಾಟಕದ ಮೂರು ಮಲ್ಲಿಗೆ ಬರೆಯಿರಿ." ಮೈಸೂರು, ಉಡುಪಿ, ಹಡಗಲಿ. ಒಂದೊಂದಕ್ಕೆ ಅಂಕ ಕೊಡಬಹುದು.

ಉತ್ತರದ ಹಾಳೆಯಲ್ಲಿ ಮೂರು ಕಾಲಂ ಇರಲಿ: ಉತ್ತರ, ಒಪ್ಪಬಹುದಾದ ಬೇರೆ ಉತ್ತರ, ಒಪ್ಪಬಾರದ ಉತ್ತರ. ಮೂರನೇದು ಬರೆಯೋವಾಗಲೇ ಪ್ರಶ್ನೆಯ ತೂತು ಕಾಣಿಸೋದು.

ಟೈ ಆದ್ರೆ ಸಂಖ್ಯೆ ಕೇಳಿ, ಹತ್ತಿರ ಬಂದವರು ಗೆದ್ದರು ಅಂತ ಮಾಡಿ. ಕೆಆರ್‌ಎಸ್ ಗರಿಷ್ಠ ಮಟ್ಟ ಎಷ್ಟು ಅಡಿ ಅನ್ನೋ ತರಹದ್ದು.

ಬಯಲುಸೀಮೆ:
ಮಂಡ್ಯದವರು ಟೀಮಲ್ಲಿದ್ರೆ ಅದು ಬೇಡ. 124.80 ಅನ್ನೋದು ಅವರಿಗೆ ಸ್ವಂತ ಫೋನ್ ನಂಬರಿಗಿಂತ ಚೆನ್ನಾಗಿ ಗೊತ್ತು 😄

ಲ್ಯಾಬ್ ಮೇಷ್ಟ್ರು:
ಚಂದ್ರನ ವ್ಯಾಸ ಕೇಳಿ. 3,474 ಕಿ.ಮೀ. ಕಾಶ್ಮೀರದಿಂದ ಕನ್ಯಾಕುಮಾರಿಯ ಉದ್ದಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಎಲ್ಲರೂ ಹತ್ತು ಸಾವಿರದ ಮೇಲೆ ಹೇಳ್ತಾರೆ.

ಪ್ರಶ್ನೆಪೆಟ್ಟಿಗೆ:
ಊಟದ ಸುತ್ತಿಗೆ ಇನ್ನೊಂದು ಮಾಡಿದೆ, ನೋಡಿ: "ಹೊಯ್ಸಳರ ಅಡುಗೆಮನೆಯಲ್ಲಿ ಇರೋಕೆ ಸಾಧ್ಯವೇ ಇಲ್ಲದ್ದು ಯಾವುದು? ಕಾಳುಮೆಣಸು, ಶುಂಠಿ, ಹುಣಸೆ, ಮೆಣಸಿನಕಾಯಿ." ಉತ್ತರ ಮೆಣಸಿನಕಾಯಿ.

ಒಗ್ಗರಣೆ ಸದ್ದು:
ಚೆನ್ನಾಗಿದೆ, ಇಟ್ಟುಕೊಳ್ಳಿ. ಮೆಣಸಿನಕಾಯಿ ಅಮೆರಿಕಾ ಖಂಡದ್ದು, ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರ ಜೊತೆ ಬಂದದ್ದು. ಹೊಯ್ಸಳರು ಹದಿನಾಲ್ಕನೇ ಶತಮಾನಕ್ಕೇ ಮುಗಿದರು. ಕೃಷ್ಣದೇವರಾಯ ಅಂತ ಮಾತ್ರ ಹಾಕಬೇಡಿ, ಪೋರ್ಚುಗೀಸರು ಗೋವಾ ಹಿಡಿದದ್ದು 1510, ರಾಯ ಆಳಿದ್ದು 1529ರವರೆಗೆ, ಅಲ್ಲಿ ಸಂದು ಇದೆ. ಹುಣಸೆ ಆಫ್ರಿಕಾ ಮೂಲದ್ದಾದ್ರೂ ಇಲ್ಲಿಗೆ ಬಹಳ ಹಿಂದೆಯೇ ಬಂದಿದೆ. ಆಲೂಗಡ್ಡೆ, ಟೊಮೆಟೊ, ಗೋಡಂಬಿ, ಶೇಂಗಾ, ಮೆಕ್ಕೆಜೋಳ, ಪಪ್ಪಾಯಿ ಎಲ್ಲ ಇದೇ ಪಟ್ಟಿ, ಬದಲಾಯಿಸಿ ಬದಲಾಯಿಸಿ ಕೇಳಬಹುದು.

ಗುಮ್ಮಟದೂರಾಂವ:
ಬ್ಯಾಡಗಿ ಮೆಣಸಿನಕಾಯಿ ಇಲ್ಲದ ಅಡಿಗಿ ಹೆಂಗ ಉಣ್ತಿದ್ರೋ ಏನೋ ಹೊಯ್ಸಳರು.

ಒಗ್ಗರಣೆ ಸದ್ದು:
ಬ್ಯಾಡಗಿ ಖಾರಕ್ಕಲ್ಲ ಸರ್, ಬಣ್ಣಕ್ಕೆ. ಡಬ್ಬಿ, ಕಡ್ಡಿ ಎರಡೂ ಜಾತಿಯಲ್ಲಿ ಖಾರ ಕಮ್ಮಿಯೇ. ಅದರ ಬಣ್ಣ ತೆಗೆದು ಲಿಪ್‌ಸ್ಟಿಕ್‌ವರೆಗೂ ಹಾಕ್ತಾರೆ. ಇದೂ ಒಂದು ಪ್ರಶ್ನೆ ಆಯ್ತು ನೋಡಿ.

ಶಾಸನಪ್ರಿಯ:
ಒಂದು ನಿಮಿಷ. ಹೊಯ್ಸಳ ಮತ್ತು ಮೆಕ್ಕೆಜೋಳ ಒಂದೇ ಪ್ರಶ್ನೆಯಲ್ಲಿ ಹಾಕಬೇಡಿ. ಸೋಮನಾಥಪುರದ ಶಿಲ್ಪಗಳ ಕೈಯಲ್ಲಿ ಇರೋದು ಮೆಕ್ಕೆಜೋಳದ ತೆನೆ ಅಂತ 1989ರಲ್ಲಿ ಜೊಹಾನೆಸೆನ್ ಮತ್ತು ಪಾರ್ಕರ್ ಅನ್ನೋರು ಬರೆದರು. ಕೊಲಂಬಸ್‌ಗೂ ಮುಂಚೆ ಬಂದಿತ್ತು ಅನ್ನೋ ವಾದ.

ಲ್ಯಾಬ್ ಮೇಷ್ಟ್ರು:
ಅದನ್ನ ಸಸ್ಯವಿಜ್ಞಾನಿಗಳು ಒಪ್ಪಿಲ್ಲ. ಆ ಕಾಲದ ಒಂದು ಕಾಳು, ಒಂದು ದಿಂಡು ನೆಲದಡಿ ಸಿಕ್ಕಿಲ್ಲ. ಒಂದು ಬೆಳೆ ಊರೂರಲ್ಲಿ ಬೆಳೀತಿದ್ರೆ ಸುಟ್ಟ ಕಾಳಾದ್ರೂ ಸಿಗಬೇಕಲ್ಲ?

ಶಾಸನಪ್ರಿಯ:
ನಾನೂ ಒಪ್ಪಲ್ಲ. ಅದು ಮುತ್ತು ಪೋಣಿಸಿದ ಮುಕ್ತಾಫಲ ಅನ್ನೋರ ಕಡೆಯೇ ನಾನು. ಆದ್ರೆ ಹಿಂದಿನ ಸಾಲಿನ ಹುಡುಗ ಮೊಬೈಲಲ್ಲಿ ಆ ಶಿಲ್ಪದ ಫೋಟೋ ತೆಗೆದು ತೋರಿಸಿದ್ರೆ ಸಾಲು ಸಾಲು ಕಾಳಿನ ತೆನೆ ಹಾಗೇ ಕಾಣುತ್ತೆ, ಮೇಲೆ ಸಿಪ್ಪೆ ಸುಲಿದ ಹಾಗೆ ಬೇರೆ ಇದೆ. ಆಮೇಲೆ ವೇದಿಕೆ ಮೇಲೆ ನಿಂತು ಅರ್ಧ ಗಂಟೆ ಪಾಠ ಮಾಡೋರು ಯಾರು?

ಪ್ರಶ್ನೆಪೆಟ್ಟಿಗೆ:
ಮೆಣಸಿನಕಾಯಿಯೇ ಇರಲಿ ಹಾಗಾದ್ರೆ. ತಿದ್ದಿದ ಪಟ್ಟಿ ರಾತ್ರಿ ಹಾಕ್ತೀನಿ, ಮೂರನೇ ಕಾಲಂ ಸಮೇತ.

ಕುಡ್ಲದ ಮಳೆ:
ಹಾಕಿ ಮಾರಾಯ್ರೆ. ನಾಲ್ಕು ಧಾರೆಯ ಪ್ರಶ್ನೆಯಲ್ಲಿ ಕ್ರಮ ತಪ್ಪಾದ್ರೆ ಅಂಕ ಕೊಡುವುದೋ ಇಲ್ಲವೋ ಅಂತಲೂ ಬರೆದುಬಿಡಿ.